ಬಾಗಿದ ಬೆನ್ನು, ಮುಂದೆ ಚಾಚಿದ ಕುತ್ತಿಗೆ: ಯಾವ ವ್ಯಾಯಾಮ, ಎಷ್ಟು, ಎಷ್ಟು ವಾರ?

ಕುರ್ಚಿವಾಸಿ
ದಿನಕ್ಕೆ 8–9 ಗಂಟೆ ಕಂಪ್ಯೂಟರ್ ಮುಂದೆ ಕೂರುವವರು ಮಾಡಬಹುದಾದ ವ್ಯಾಯಾಮ ಯಾವುದು? ಹುಡುಕಿದರೆ ಒಬ್ಬೊಬ್ಬರು ಇಪ್ಪತ್ತು ಹೇಳುತ್ತಾರೆ, ಅಷ್ಟೂ ಮಾಡುವ ಹೊತ್ತಿಗೆ ಒಂದೂವರೆ ಗಂಟೆ ಆಗುತ್ತದೆ. ತಲೆ ಮುಂದೆ ಚಾಚುವುದು, ಭುಜ ಮುಂದಕ್ಕೆ ಸುತ್ತಿಕೊಳ್ಳುವುದು, ಸೊಂಟ ಅತಿಯಾಗಿ ಒಳಬಾಗುವುದು ಈ ಮೂರಕ್ಕೂ 15–20 ನಿಮಿಷದಲ್ಲಿ ಮುಗಿಯುವಂಥದ್ದು ಬೇಕು. ಬೆನ್ನಿಗೆ ಕಟ್ಟಿಕೊಳ್ಳುವ ಬೆಲ್ಟ್ ಬರುತ್ತದಲ್ಲ, ಅದೇ ಸಾಕಾಗುವುದಿಲ್ಲವೇ?

ಮೂಳೆಮಾತು
ಪಟ್ಟಿ ಆಮೇಲೆ. ಮೊದಲು ಎರಡು ಪರೀಕ್ಷೆ ಮಾಡಿಕೊಳ್ಳಿ, ಐದು ನಿಮಿಷದ ಕೆಲಸ.

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ ಗೋಡೆಯಿಂದ 5–8 ಸೆಂ.ಮೀ. ಮುಂದಿರಲಿ, ಪೃಷ್ಠ ಮತ್ತು ಮೇಲ್ಬೆನ್ನು ಗೋಡೆಗೆ ತಾಗಿರಲಿ. ದೃಷ್ಟಿ ನೇರ, ಗದ್ದ ಮೇಲೆತ್ತುವಂತಿಲ್ಲ. ತಲೆಯ ಹಿಂಭಾಗ ಸಲೀಸಾಗಿ ಗೋಡೆ ಮುಟ್ಟುತ್ತದೆಯೇ? ಮುಟ್ಟದಿದ್ದರೆ ಆ ಅಂತರವನ್ನು ಇನ್ನೊಬ್ಬರಿಂದ ಸ್ಕೇಲ್ ಹಿಡಿಸಿ ಅಳೆದು ಬರೆದಿಡಿ. ಸೊಂಟದ ಹಿಂದೆ ಅಂಗೈ ತೂರುವಷ್ಟು ಸಂದು ಇರುವುದು ಸಹಜ. ಮುಷ್ಟಿಯೇ ಸರಾಗ ತೂರಿದರೆ ಸೊಂಟದ ಬಾಗು ಹೆಚ್ಚಿದೆ ಎಂದರ್ಥ.

ಎರಡನೆಯದು, ದಿಂಬಿಲ್ಲದೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿ. ಒಂದೆರಡು ನಿಮಿಷದಲ್ಲಿ ತಲೆ ನೆಲಕ್ಕೆ ಕೂತು ಮುಖ ಚಾವಣಿಗೆ ಸಮನಾಗಿ ನಿಂತರೆ ಮೇಲ್ಬೆನ್ನು ಇನ್ನೂ ಸಡಿಲವಾಗಿದೆ, ನಿಮ್ಮ ಕೊರತೆ ಬಲದ್ದು ಮತ್ತು ರೂಢಿಯದ್ದು. ತಲೆ ನೆಲ ಮುಟ್ಟಲು ಗದ್ದ ಚಾವಣಿಯ ಕಡೆ ಏಳಲೇಬೇಕಾದರೆ ಮೇಲ್ಬೆನ್ನೇ ಬಿಗಿದುಕೊಂಡಿದೆ. ಇಂಥವರು ಬರೀ ಕುತ್ತಿಗೆ ವ್ಯಾಯಾಮ ಮಾಡಿದರೆ ಪ್ರಯೋಜನ ಕಡಿಮೆ. ಕುತ್ತಿಗೆಯ ಕೆಳಗಿರುವ ಮೇಲ್ಬೆನ್ನು ಬಾಗಿಯೇ ಇದ್ದರೆ, ದೃಷ್ಟಿ ನೇರ ಇಡಲು ಕುತ್ತಿಗೆಗೆ ಚಾಚದೆ ಬೇರೆ ದಾರಿ ಇಲ್ಲ.

ಬೆಲ್ಟ್ ಹಾಕಿರುವಷ್ಟು ಹೊತ್ತು ನೆನಪಿಸುತ್ತದೆ. ಸ್ನಾಯು ಮಾಡಬೇಕಾದ ಕೆಲಸವನ್ನು ಎಲಾಸ್ಟಿಕ್ ಮಾಡುತ್ತಿರುತ್ತದೆ, ಬಿಚ್ಚಿದ ಮೇಲೆ ಅದೇ ಭುಜ, ಅದೇ ಬೆನ್ನು.

ಅಡ್ಡಪ್ರಶ್ನೆ
ಒಂದು ತಕರಾರು. ಬಾಗಿ ಕೂತರೆ ಬೆನ್ನುನೋವು ಖಂಡಿತ ಎಂಬಂತೆ ಎಲ್ಲರೂ ಮಾತಾಡುತ್ತಾರೆ. ಭಂಗಿಗೂ ನೋವಿಗೂ ಇರುವ ನಂಟು ಅಷ್ಟು ನೇರವಾಗಿಲ್ಲ. 60 ಡಿಗ್ರಿ ತಲೆ ತಗ್ಗಿಸಿದರೆ ಕುತ್ತಿಗೆ ಮೇಲೆ 27 ಕೆ.ಜಿ. ಭಾರ ಎಂಬ ಚಿತ್ರ ಎಲ್ಲೆಡೆ ಓಡಾಡುತ್ತದೆ. ಅದು 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಬಂದ ಲೆಕ್ಕ, ಯಾರ ಕುತ್ತಿಗೆಯಲ್ಲೂ ಅಳೆದದ್ದಲ್ಲ. 4.5–5 ಕೆ.ಜಿ. ತೂಕದ ತಲೆ ಮುಂದೆ ಹೋದಷ್ಟೂ ಹಿಂದಿನ ಸ್ನಾಯು ಹೆಚ್ಚು ಎಳೆಯಬೇಕು, ಅದು ನಿಜ. ಆದರೆ ಸ್ನಾಯು ಇರುವುದೇ ಎಳೆಯಲು.

ಕೂತಾಗ ಡಿಸ್ಕ್ (ಬೆನ್ನುಮೂಳೆಯ ಬಿಲ್ಲೆಗಳ ನಡುವಿನ ಮೆತ್ತೆ) ಮೇಲೆ ನಿಂತಾಗಿನದಕ್ಕಿಂತ ಬಹಳ ಹೆಚ್ಚು ಒತ್ತಡ ಎಂಬ ಮಾತೂ ಹಾಗೆಯೇ. ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಅಳೆದಾಗ ಹಾಗೆ ಕಂಡಿತ್ತು. 1999ರಲ್ಲಿ ವಿಲ್ಕೆ ತಂಡ ಒಬ್ಬ ಸ್ವಯಂಸೇವಕನ ಡಿಸ್ಕ್‌ನೊಳಗೆ ಸೆನ್ಸರ್ ಇಟ್ಟು ಅಳೆದಾಗ ಆರಾಮವಾಗಿ ನಿಂತಾಗ 0.5 ಮೆಗಾಪಾಸ್ಕಲ್, ಒರಗದೆ ಸಡಿಲವಾಗಿ ಕೂತಾಗ 0.46 ಬಂತು. ಒಬ್ಬನೇ ವ್ಯಕ್ತಿಯ ಅಳತೆ, ಒಪ್ಪುತ್ತೇನೆ. ಆದರೂ ಹೆದರಿಸುವವರ ಮಾತಿಗೆ ಅದರಲ್ಲಿ ಬೆಂಬಲವಿಲ್ಲ.

ಮೂಳೆಮಾತು
ಒಪ್ಪಿದೆ, ಹೆದರಿಸುವ ಅಗತ್ಯವಿಲ್ಲ. ಬೆನ್ನುಮೂಳೆ ನೆಟ್ಟಗಿನ ಕೋಲೂ ಅಲ್ಲ. ಕುತ್ತಿಗೆಯ 7 ಕಶೇರುಕ ಒಳಬಾಗು, ಎದೆಭಾಗದ 12 ಹೊರಬಾಗು, ಸೊಂಟದ 5 ಮತ್ತೆ ಒಳಬಾಗು, ಬೆಳೆಯುತ್ತಾ ರೂಪುಗೊಳ್ಳುವುದೇ ಹಾಗೆ. ಎದೆಭಾಗದಲ್ಲಿ 20ರಿಂದ 40 ಡಿಗ್ರಿಯವರೆಗಿನ ಬಾಗು ಸಹಜ ಎಂದೇ ಲೆಕ್ಕ. ಅದನ್ನು ಸೊನ್ನೆ ಮಾಡಲು ಹೊರಡಬೇಡಿ.

ಹಾಗಾದರೆ ವ್ಯಾಯಾಮ ಯಾಕೆ? ಕೈ ತಲೆಯ ಮೇಲಕ್ಕೆ ಪೂರ್ತಿ ಏಳಬೇಕಾದರೆ ಮೇಲ್ಬೆನ್ನು ಹಿಂದಕ್ಕೆ ಬಾಗಬೇಕು. ಒಂದೇ ಭಂಗಿಯಲ್ಲಿ ಎರಡು ಗಂಟೆ ಕಳೆದರೂ ಸುಸ್ತಾಗದಷ್ಟು ತಾಳಿಕೆ ಸ್ನಾಯುವಿಗೆ ಬೇಕು. ಬೇಕೆಂದಾಗ ನೆಟ್ಟಗಾಗಲು ಬರಬೇಕು. ನೋಡಲು ಚೆನ್ನಾಗಿ ಕಾಣುವುದು ಜೊತೆಗೆ ಬರುವ ಲಾಭ, ಅದನ್ನು ಬಯಸುವುದೂ ತಪ್ಪಲ್ಲ ಬಿಡಿ.

ಹಗುರಹೆಜ್ಜೆ
ಕುತ್ತಿಗೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಗದ್ದ ಒಳಗೆಳೆಯುವ ವ್ಯಾಯಾಮವನ್ನು ತಪ್ಪಾಗಿ ಮಾಡುವವರೇ ಹೆಚ್ಚು. ತಲೆಯನ್ನು ಜೋರಾಗಿ ಹಿಂದಕ್ಕೆ ತಳ್ಳಿ ಎರಡು ಗದ್ದ ಬರಿಸಿಕೊಳ್ಳುವುದಲ್ಲ ಅದು. ಕೆಲಸ ಮಾಡಬೇಕಾದದ್ದು ಕುತ್ತಿಗೆಯ ಮೂಳೆಗೆ ಮುಂಭಾಗದಲ್ಲಿ ಅಂಟಿಕೊಂಡಿರುವ ಆಳದ ಚಿಕ್ಕ ಸ್ನಾಯುಗಳು.

ಅಂಗಾತ ಮಲಗಿ, ಮಂಡಿ ಮಡಚಿ. ಮುಖ ಚಾವಣಿಗೆ ಸಮನಾಗುವಷ್ಟು ಟವೆಲ್ ಮಡಚಿ ತಲೆಯಡಿ ಇಡಿ. ಈಗ ಸಣ್ಣದಾಗಿ ‘ಹೂಂ’ ಎಂದು ತಲೆಯಾಡಿಸುವಷ್ಟೇ ಗದ್ದ ತಗ್ಗಿಸಿ. ತಲೆ ಟವೆಲ್ ಮೇಲೆ ಜಾರಬೇಕೇ ಹೊರತು ಏಳಬಾರದು, ಒತ್ತಲೂಬಾರದು. 10 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ. ಎರಡು ಬೆರಳನ್ನು ಕುತ್ತಿಗೆಯ ಪಕ್ಕದಲ್ಲಿ, ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ದಪ್ಪ ಸ್ನಾಯುವಿನ ಮೇಲಿಡಿ. ಅದು ಹಗ್ಗದಂತೆ ಬಿಗಿಯಾದರೆ ಆಳದ ಸ್ನಾಯು ಸೋತು ಹೊರಗಿನದು ಕೆಲಸ ಕಿತ್ತುಕೊಂಡಿದೆ, ಇನ್ನೂ ಕಡಿಮೆ ತಗ್ಗಿಸಿ. ಹಲ್ಲು ಕಚ್ಚಬೇಡಿ, ಉಸಿರು ಹಿಡಿಯಬೇಡಿ.

ಚಿಕಿತ್ಸಾಲಯಗಳಲ್ಲಿ ಇದನ್ನೇ ಕುತ್ತಿಗೆಯಡಿ ಒತ್ತಡ ತೋರಿಸುವ ಗಾಳಿಚೀಲದ ಮಾಪಕ ಇಟ್ಟು ಪರೀಕ್ಷಿಸುತ್ತಾರೆ: 20 ಮಿ.ಮೀ. ಪಾದರಸದಿಂದ ಶುರು, ಒಂದೊಂದು ಹಂತಕ್ಕೆ 2 ಏರಿಸುತ್ತಾ 30ರವರೆಗೆ. ಎಷ್ಟು ಸಣ್ಣ ಚಲನೆ ಎಂಬುದು ಆ ಅಂಕಿಯಿಂದಲೇ ಗೊತ್ತಾಗುತ್ತದೆ.

3–4 ವಾರದ ಬಳಿಕ 10×10 ಸಲೀಸಾದರೆ, ಗದ್ದ ತಗ್ಗಿಸಿಯೇ ತಲೆಯನ್ನು ನೆಲದಿಂದ 1–2 ಸೆಂ.ಮೀ. ಎತ್ತಿ 5 ಸೆಕೆಂಡ್. ಗದ್ದ ಮುಂದೆ ಚಿಮ್ಮಿದ ಕೂಡಲೇ ನಿಲ್ಲಿಸಿ, ಅದರಾಚೆಗಿನ ಎಣಿಕೆ ಲೆಕ್ಕಕ್ಕಿಲ್ಲ.

ಕಬ್ಬಿಣಬಾರು
ಭುಜದ ವಿಷಯಕ್ಕೆ ಬರೋಣ. ಇಲ್ಲಿ ನನಗೆ ಸ್ಟ್ರೆಚ್‌ಗಿಂತ ಬಲದ ಮೇಲೆ ನಂಬಿಕೆ ಹೆಚ್ಚು. ಎದೆಯ ಸ್ನಾಯು ಬಿಗಿ, ಬೆನ್ನಿನದು ದುರ್ಬಲ ಎಂಬ ‘ಅಡ್ಡಗೆರೆ’ ಮಾದರಿಯನ್ನು ಚೆಕ್ ವೈದ್ಯ ವ್ಲಾದಿಮಿರ್ ಯಾಂದಾ ಕೊಟ್ಟರು. ಅರ್ಥಮಾಡಿಕೊಳ್ಳಲು ಚೆಂದದ ನಕ್ಷೆ, ಆದರೆ ಎಲ್ಲ ದೇಹಗಳೂ ಆ ನಕ್ಷೆಯಂತೆ ಇರುವುದಿಲ್ಲ.

ಮೂರು ವ್ಯಾಯಾಮ ಸಾಕು.

ಮೊದಲನೆಯದು ಬ್ಯಾಂಡ್ ರೋ. ಬ್ಯಾಂಡನ್ನು (ವ್ಯಾಯಾಮದ ರಬ್ಬರ್ ಪಟ್ಟಿ) ಎದೆಯ ಎತ್ತರಕ್ಕೆ ಗಟ್ಟಿ ಕಂಬಕ್ಕೆ ಕಟ್ಟಿ, ಎದುರು ನಿಂತು ಮೊಣಕೈಯನ್ನು ಪಕ್ಕೆಲುಬಿನ ಬದಿಗೆ ಬರುವಂತೆ ಹಿಂದಕ್ಕೆ ಎಳೆಯಿರಿ. 2 ಸೆಕೆಂಡ್ ಹಿಡಿದು, 3 ಸೆಕೆಂಡಿನಲ್ಲಿ ನಿಧಾನ ಬಿಡಿ. 10–12 ಸಲ, 3 ಸೆಟ್. ಕೊನೆಯ ಎರಡು ಮೂರು ಎಳೆತ ಕಷ್ಟವಾಗಬೇಕು, ಆಗದಿದ್ದರೆ ಬ್ಯಾಂಡ್ ಹಗುರ. ಮೊಣಕೈ ಬೆನ್ನಿನ ಆಚೆಗೆ ಬಹಳ ಹೋದರೆ ಭುಜದ ಗುಂಡು ಮುಂದೆ ನುಗ್ಗುತ್ತದೆ, ಸರಿಪಡಿಸಲು ಹೊರಟ ದೋಷವನ್ನೇ ಅಭ್ಯಾಸ ಮಾಡಿದಂತಾಗುತ್ತದೆ.

ಎರಡನೆಯದು ಬೋರಲು ಮಲಗಿ ಕೈಯೆತ್ತುವುದು. ಹಣೆಯಡಿ ಮಡಚಿದ ಟವೆಲ್, ಎರಡೂ ಕೈ ತಲೆಯ ಮುಂದೆ ಓರೆಯಾಗಿ ಚಾಚಿ, ಹೆಬ್ಬೆರಳು ಚಾವಣಿ ಕಡೆ. ಹೆಗಲ ಹಿಂದಿನ ಚಪ್ಪಟೆ ಮೂಳೆಗಳನ್ನು ಹಿಂಜೇಬಿನ ಕಡೆ ಜಾರಿಸಿ ಕೈಯನ್ನು ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಎತ್ತಿ 3 ಸೆಕೆಂಡ್ ಹಿಡಿಯಿರಿ. 8 ಸಲ, 2 ಸೆಟ್, ಖಾಲಿ ಕೈಯಲ್ಲಿ. ಇದು ಟ್ರಪೀಝಿಯಸ್ (ಕುತ್ತಿಗೆಯಿಂದ ಬೆನ್ನಿನ ನಡುವಿನವರೆಗೆ ಹರಡಿದ ಸ್ನಾಯು) ಕೆಳಭಾಗದ ಕೆಲಸ. ಭುಜ ಕಿವಿಯ ಕಡೆ ಏರಿದರೆ ಮೇಲಿನ ಭಾಗವೇ ಎಲ್ಲ ಮಾಡುತ್ತಿದೆ ಎಂದು ತಿಳಿಯಿರಿ. ಒಂದು ತಿಂಗಳ ನಂತರ ಅರ್ಧ ಕೆ.ಜಿ. ಡಂಬೆಲ್ ಹಿಡಿಯಬಹುದು, ಅದಕ್ಕಿಂತ ಆತುರ ಬೇಡ.

ಮೂರನೆಯದನ್ನು ಜನ ಬಿಟ್ಟೇಬಿಡುತ್ತಾರೆ: ಪುಷ್‌ಅಪ್ ಪ್ಲಸ್. ಗೋಡೆ ಅಥವಾ ಮೇಜಿನ ಅಂಚಿಗೆ ಪುಷ್‌ಅಪ್ ಮಾಡಿ, ಕೈ ನೆಟ್ಟಗಾದ ಮೇಲೂ ಇನ್ನೊಂದಿಷ್ಟು ತಳ್ಳಿ, ಹೆಗಲ ಮೂಳೆಗಳು ಅಗಲವಾಗಿ ಹರಡಬೇಕು. ಆ ಮೂಳೆಯನ್ನು ಪಕ್ಕೆಲುಬಿಗೆ ಅಂಟಿಸಿ ಹಿಡಿಯುವ ಸೆರೇಟಸ್ ಸ್ನಾಯುವಿಗೆ ಇದೇ ಮೇವು. ಬರೀ ‘ಭುಜ ಹಿಂದಕ್ಕೆ, ಹಿಂದಕ್ಕೆ’ ಎಂದು ಎಳೆಯುತ್ತಾ ಕೂತರೆ ಹೆಗಲ ಮೂಳೆಯ ಅಂಚು ರೆಕ್ಕೆಯಂತೆ ಹೊರಚಾಚಿರುವವರಿಗೆ ಏನೂ ಸಿಗುವುದಿಲ್ಲ.

ಕುರ್ಚಿವಾಸಿ
ಗೋಡೆಗೆ ಒರಗಿ ಕೈಗಳನ್ನು ಮೇಲೆ ಕೆಳಗೆ ಜಾರಿಸುವ ವ್ಯಾಯಾಮ ಎಲ್ಲ ವಿಡಿಯೋಗಳಲ್ಲೂ ಇದೆ. ಅದನ್ನು ಯಾರೂ ಹೇಳಲಿಲ್ಲ?

ಕಬ್ಬಿಣಬಾರು
ಒಳ್ಳೆಯದೇ, ಆದರೆ ಮೋಸ ಮಾಡಲು ಬಹಳ ಸುಲಭ. ಕೈ ಮೇಲೇರುತ್ತಿದ್ದಂತೆ ಸೊಂಟ ಗೋಡೆಯಿಂದ ದೂರ ಸರಿಯುತ್ತದೆ, ಪಕ್ಕೆಲುಬು ಮುಂದೆ ತೆರೆದುಕೊಳ್ಳುತ್ತದೆ. ಕೈ ಎತ್ತರಕ್ಕೆ ಹೋಯಿತು ಎಂಬ ಭ್ರಮೆ, ಚಲನೆಯೆಲ್ಲ ಸೊಂಟದಿಂದ ಬಂದದ್ದು. ಕೆಳಪಕ್ಕೆಲುಬು ಅಲ್ಲಾಡದೆ ಕೈ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೇ ನಿಲ್ಲಿಸಿ. ಮಣಿಕಟ್ಟು ಗೋಡೆ ಮುಟ್ಟದಿದ್ದರೂ ಚಿಂತೆಯಿಲ್ಲ.

ಮೂಳೆಮಾತು
ಮಣಿಕಟ್ಟು ಮುಟ್ಟದವರಲ್ಲಿ ಹಲವರಿಗೆ ಬೇಕಾದದ್ದು ಮೇಲ್ಬೆನ್ನಿನ ಸಡಿಲಿಕೆ. ಫೋಮ್ ರೋಲರ್ (ಗಟ್ಟಿ ಸ್ಪಂಜಿನ ಉರುಳೆ) ಇಲ್ಲದಿದ್ದರೆ ದಪ್ಪ ಟವೆಲನ್ನು ಬಿಗಿಯಾಗಿ ಸುತ್ತಿ ಕಟ್ಟಿ. ಅದನ್ನು ಅಡ್ಡಲಾಗಿ ಹೆಗಲ ಮೂಳೆಗಳ ಕೆಳ ಅಂಚಿನ ಮಟ್ಟಕ್ಕೆ ಇಟ್ಟು ಅಂಗಾತ ಮಲಗಿ. ಮಂಡಿ ಮಡಚಿ, ಪೃಷ್ಠ ನೆಲದಲ್ಲೇ ಇರಲಿ, ತಲೆಯನ್ನು ಎರಡೂ ಕೈಯಲ್ಲಿ ಹೊತ್ತುಕೊಳ್ಳಿ. ಉಸಿರು ಬಿಡುತ್ತಾ ಮೇಲ್ಬೆನ್ನನ್ನು ರೋಲರ್ ಮೇಲೆ ಹಿಂದಕ್ಕೆ ಬಾಗಿಸಿ. 5 ಉಸಿರು. ಆಮೇಲೆ 3–4 ಸೆಂ.ಮೀ. ಮೇಲೆ ಸರಿದು ಮತ್ತೆ 5. ಒಟ್ಟು ಮೂರು ಜಾಗ, ಎರಡು ನಿಮಿಷ.

ಕೊನೆಯ ಪಕ್ಕೆಲುಬಿನಿಂದ ಕೆಳಗೆ ರೋಲರ್ ಇಳಿಸಬೇಡಿ. ಸೊಂಟ ಮೊದಲೇ ಒಳಬಾಗಿರುತ್ತದೆ, ಅಲ್ಲಿ ಇನ್ನಷ್ಟು ಬಾಗಿಸಿ ಗಳಿಸುವುದೇನೂ ಇಲ್ಲ. ‘ಟಕ್’ ಶಬ್ದ ಬಂದರೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ಬಾಗಿಲ ಚೌಕಟ್ಟಿನಲ್ಲಿ ಎದೆ ಸ್ಟ್ರೆಚ್: ಮೊಣಕೈ ಭುಜದ ಮಟ್ಟಕ್ಕೆ, ಒಂದು ಹೆಜ್ಜೆ ಮುಂದೆ, 30 ಸೆಕೆಂಡ್, ಎರಡು ಸಲ. ಎಳೆತ ಎದೆಯಲ್ಲಿ ಗೊತ್ತಾಗಬೇಕು. ಭುಜದ ಮುಂಭಾಗದಲ್ಲಿ ಚುಚ್ಚಿದರೆ ಮೊಣಕೈ ತುಸು ಇಳಿಸಿ. ಬೆರಳಲ್ಲಿ ಜುಮ್ಮೆಂದರೆ ನರ ಎಳೆಯುತ್ತಿದೆ, ಬಿಟ್ಟುಬಿಡಿ.

ತಾಳ್ಮೆಯವಳು
ಸೊಂಟದ ಬಾಗಿಗೆ ಏನು? ಕಿಬ್ಬೊಟ್ಟೆ ಗಟ್ಟಿಯಾದರೆ ತಾನೇ ಸರಿಹೋಗುತ್ತದೆ ಎನ್ನುತ್ತಾರೆ. ದಿನಕ್ಕೆ ನೂರು ಸಿಟ್‌ಅಪ್ ಮಾಡಬಹುದಾ?

ಹಗುರಹೆಜ್ಜೆ
ಸಿಟ್‌ಅಪ್ ಬೇಡ ಮೇಡಂ. ಅದರಲ್ಲಿ ಅರ್ಧ ಕೆಲಸ ತೊಡೆಸಂದಿನ ಸ್ನಾಯುವಿನದು, ಜೊತೆಗೆ ತಲೆ ಮುಂದೆ ಎಳೆಯುವ ಅಭ್ಯಾಸ ಬೇರೆ. ಸೊಂಟದ ಕಟ್ಟು (ಪೆಲ್ವಿಸ್ ಮೂಳೆ) ಸ್ವಲ್ಪ ಮುಂದಕ್ಕೆ ವಾಲಿರುವುದು ನೋವಿಲ್ಲದ, ಆರೋಗ್ಯವಂತ ಜನರಲ್ಲೂ ತೀರಾ ಸಾಮಾನ್ಯ. ಹಾಗಾಗಿ ಗೋಡೆ ಪರೀಕ್ಷೆಯಲ್ಲಿ ಮುಷ್ಟಿ ತೂರಿದವರು ಮಾತ್ರ ಇದಕ್ಕೆ ಸಮಯ ಕೊಡಿ.

ಒಂದು ಮಂಡಿ ನೆಲಕ್ಕೂರಿ, ಇನ್ನೊಂದು ಪಾದ ಮುಂದಿಟ್ಟು ಕೂರಿ. ಸಾಮಾನ್ಯವಾಗಿ ಎಲ್ಲರೂ ಇಲ್ಲಿಂದ ನೇರ ಮುಂದಕ್ಕೆ ಬಾಗುತ್ತಾರೆ, ಆಗ ಸೊಂಟವಷ್ಟೇ ಒಳಬಾಗಿ ಸ್ಟ್ರೆಚ್ ತಪ್ಪಿಹೋಗುತ್ತದೆ. ಮೊದಲು ನೆಲಕ್ಕೂರಿದ ಕಡೆಯ ಪೃಷ್ಠ ಬಿಗಿಹಿಡಿದು ಸೊಂಟದ ಕಟ್ಟನ್ನು ಹಿಂದಕ್ಕೆ ಮಡಚಿಕೊಳ್ಳಿ. ತೊಡೆಯ ಮೇಲ್ಭಾಗದಲ್ಲಿ ಎಳೆತ ಅಲ್ಲಿಯೇ ಶುರುವಾಗುತ್ತದೆ. ಆಮೇಲೆ 2–3 ಸೆಂ.ಮೀ. ಮುಂದೆ ಸರಿದರೆ ಸಾಕು. 30 ಸೆಕೆಂಡ್, ಪ್ರತಿ ಕಡೆ ಎರಡು ಸಲ. ಮಂಡಿಯಡಿ ಮೆತ್ತೆ ಹಾಕಿ.

ನಂತರ ಬ್ರಿಡ್ಜ್: ಅಂಗಾತ ಮಲಗಿ ಪೃಷ್ಠ ಎತ್ತುವುದು, 12 ಸಲ, 2 ಸೆಟ್. ತೊಡೆಯ ಹಿಂಭಾಗ ಹಿಡಿದುಕೊಂಡರೆ ಹಿಮ್ಮಡಿ ತೀರಾ ದೂರದಲ್ಲಿದೆ, ಪೃಷ್ಠದ ಹತ್ತಿರ ತನ್ನಿ.

ಹೊಟ್ಟೆಗೆ ಡೆಡ್ ಬಗ್: ಅಂಗಾತ ಮಲಗಿ, ಕೈ ಚಾವಣಿಗೆ, ಮಂಡಿ ಸೊಂಟದ ಮೇಲೆ 90 ಡಿಗ್ರಿ. ಉಸಿರು ಪೂರ್ತಿ ಬಿಟ್ಟು ಕೆಳಪಕ್ಕೆಲುಬು ಇಳಿಸಿ, ಬಲಗೈ ಮತ್ತು ಎಡಗಾಲನ್ನು ನಿಧಾನ ನೆಲದತ್ತ ಚಾಚಿ. ಸೊಂಟದಡಿ ಸಂದು ಹೆಚ್ಚಿತು ಅನ್ನಿಸಿದಲ್ಲಿಗೇ ನಿಲ್ಲಿಸಿ ವಾಪಸ್. ಪ್ರತಿ ಕಡೆ 6–8. ಕಾಲು ಚಾಚುವುದು ಕಷ್ಟವಾದರೆ ಹಿಮ್ಮಡಿಯನ್ನಷ್ಟೇ ನೆಲಕ್ಕೆ ತಾಗಿಸಿ.

ಅಡ್ಡಪ್ರಶ್ನೆ
ಇದೆಲ್ಲ ಸೇರಿ ಮತ್ತೆ ಒಂದು ಗಂಟೆ ಆಯಿತಲ್ಲ! 😄

ಮೂಳೆಮಾತು
ಆಗುವುದಿಲ್ಲ, ಹಂಚಿಕೊಳ್ಳಿ. ಸಡಿಲಿಸುವವು (ರೋಲರ್, ಬಾಗಿಲ ಸ್ಟ್ರೆಚ್, ಮಂಡಿಯೂರಿದ ಸ್ಟ್ರೆಚ್) ಹೆಚ್ಚಿನ ದಿನಗಳಲ್ಲಿ, 6–7 ನಿಮಿಷ. ಬಲದವು (ರೋ, ಬೋರಲು ಕೈಯೆತ್ತುವುದು, ಪುಷ್‌ಅಪ್ ಪ್ಲಸ್, ಬ್ರಿಡ್ಜ್ ಅಥವಾ ಡೆಡ್ ಬಗ್) ವಾರಕ್ಕೆ 3 ದಿನ, ದಿನ ಬಿಟ್ಟು ದಿನ, 20 ನಿಮಿಷ. ಒಂದು ಸೆಟ್‌ನಿಂದ ಇನ್ನೊಂದಕ್ಕೆ ಸುಮ್ಮನೆ ಕೂರುವ ಬದಲು ಬೇರೆ ವ್ಯಾಯಾಮಕ್ಕೆ ಹೋದರೆ ಸಮಯ ಉಳಿಯುತ್ತದೆ. ಗದ್ದದ ವ್ಯಾಯಾಮವನ್ನು ಮಲಗುವ ಮೊದಲು ಮಾಡಬಹುದು, ಹೇಗೂ ಮಲಗಿರುತ್ತೀರಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ, ಅದರ ಜೊತೆ 150–300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಹೇಳುತ್ತದೆ. ಮೇಲಿನ ಪಟ್ಟಿ ಮೊದಲ ಭಾಗದ ಸ್ವಲ್ಪವನ್ನು ಮುಗಿಸುತ್ತದೆ, ಅಷ್ಟೇ. ಕಾಲಿನ ಬಲಕ್ಕೆ ಬೇರೆ ಕೊಡಬೇಕು, ನಡಿಗೆಯನ್ನೂ ಬಿಡುವಂತಿಲ್ಲ.

ಮೊದಲ ಎರಡು ಮೂರು ವಾರ ಚಲನೆ ಸಲೀಸಾಗುತ್ತದೆ. ಅದು ನರಗಳು ಕಲಿತದ್ದು, ಸ್ನಾಯು ಬೆಳೆದದ್ದಲ್ಲ. ಕನ್ನಡಿಯಲ್ಲಿ ಕಾಣುವ ಬದಲಾವಣೆಗೆ 8–12 ವಾರ ಇಟ್ಟುಕೊಳ್ಳಿ. ಆರನೇ ವಾರದಲ್ಲೂ ಮೊದಲ ದಿನದ ಬ್ಯಾಂಡನ್ನೇ ಎಳೆಯುತ್ತಿದ್ದರೆ ಹನ್ನೆರಡನೇ ವಾರದಲ್ಲೂ ಅದೇ ಬೆನ್ನು ಇರುತ್ತದೆ.

ತಾಳ್ಮೆಯವಳು
ಯೋಗಾಸನ ಮಾಡುವವರಿಗೆ ಇದೆಲ್ಲ ಬೇಕೇ?

ಹಗುರಹೆಜ್ಜೆ
ಶಲಭಾಸನ ಬೆನ್ನಿಗೆ ಒಳ್ಳೆಯ ಬಲದ ವ್ಯಾಯಾಮವೇ. ಭುಜಂಗಾಸನದಲ್ಲಿ ಕೈಯಿಂದ ತಳ್ಳಿ ಎತ್ತರಕ್ಕೆ ಹೋಗುವ ಬದಲು, ಕೈಯ ಭಾರ ತೆಗೆದು ಬೆನ್ನಿನ ಬಲದಿಂದ ಎಷ್ಟು ಏಳುತ್ತದೋ ಅಷ್ಟೇ ಎದ್ದರೆ ಮೇಲ್ಬೆನ್ನಿಗೆ ಕೆಲಸ ಸಿಗುತ್ತದೆ. ಆಸನಗಳಲ್ಲಿ ನೂಕುವುದು, ಒತ್ತುವುದು ಬೇಕಾದಷ್ಟಿದೆ, ತನ್ನತ್ತ ಎಳೆಯುವ ಚಲನೆ ಇಲ್ಲವೆಂದೇ ಹೇಳಬೇಕು. ಹಾಗಾಗಿ ರೋ ಒಂದನ್ನು ಸೇರಿಸಿಕೊಳ್ಳಿ.

ಬೆಳಿಗ್ಗೆ ಎದ್ದ ಕೂಡಲೇ ಆಳವಾಗಿ ಮುಂದೆ ಬಾಗುವ ಆಸನ ಬೇಡ. ರಾತ್ರಿಯಿಡೀ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಅದಕ್ಕೇ ಬೆಳಿಗ್ಗೆ ಎತ್ತರ ಸಂಜೆಗಿಂತ 1–2 ಸೆಂ.ಮೀ. ಹೆಚ್ಚಿರುತ್ತದೆ. ಅದರಲ್ಲಿ ಸುಮಾರು ಅರ್ಧ ಎದ್ದ ಮೊದಲ ಗಂಟೆಯಲ್ಲೇ ಇಳಿಯುತ್ತದೆ. ಅಷ್ಟು ಹೊತ್ತು ಓಡಾಡಿಕೊಂಡಿದ್ದು ಆಮೇಲೆ ಬಾಗಿ.

ಹಳೆಬೇರು
65 ದಾಟಿದವರಿಗೂ ಇದೇ ಪಟ್ಟಿ ನಡೆಯುತ್ತದೆಯೇ? ಬೆನ್ನು ಸ್ಪಷ್ಟವಾಗಿ ಗೂನಾಗಿದೆ ಎಂದುಕೊಳ್ಳಿ.

ಮೂಳೆಮಾತು
ನಡೆಯುವುದಿಲ್ಲ ಸರ್. ಮೊದಲು ಮೂಳೆ ಸಾಂದ್ರತೆ ಪರೀಕ್ಷೆ ಆಗಬೇಕು. ವಯಸ್ಸಾದವರ ಗೂನಿನ ಹಿಂದೆ ಕಶೇರುಕದ ಮುಂಭಾಗ ಕುಸಿದ ಮುರಿತ ಇರಬಹುದು, ಅದು ನೋವಿಲ್ಲದೆಯೂ ಆಗುತ್ತದೆ. ಯೌವನದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಕುಗ್ಗಿದ್ದರೆ ಎಕ್ಸ್‌ರೇ ಕೇಳಿ.

ಮೂಳೆ ಸಾಂದ್ರತೆ ಕುಂದಿದವರು (ಆಸ್ಟಿಯೋಪೊರೋಸಿಸ್) ಸಿಟ್‌ಅಪ್, ಪಾದ ಮುಟ್ಟುವುದು ಮಾಡಬಾರದು. 1984ರಲ್ಲಿ ಮೇಯೊ ಕ್ಲಿನಿಕ್‌ನವರು ಮೂಳೆ ಸಾಂದ್ರತೆ ಕುಂದಿದ್ದ 59 ಮಹಿಳೆಯರನ್ನು ಗಮನಿಸಿದ ಅಧ್ಯಯನದಲ್ಲಿ, ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ 89% ಮಂದಿಗೆ ಹೊಸ ಮುರಿತ ಅಥವಾ ಕುಸಿತ ಕಂಡಿತು, ಹಿಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ 16%. ಚಿಕ್ಕ ಅಧ್ಯಯನ, ಆದರೆ ಅಂತರ ಚಿಕ್ಕದಲ್ಲ.

ಇವರಿಗೆ ಹೊಟ್ಟೆಯಡಿ ದಿಂಬಿಟ್ಟು ಬೋರಲು ಮಲಗಿ ಎದೆಯನ್ನು ತುಸುವೇ ಎತ್ತುವುದು ಸಾಕು. ಬೋರಲು ಮಲಗಲಾಗದವರು ಕುರ್ಚಿಯಲ್ಲಿ ಕೂತು ಮೊಣಕೈ ಹಿಂದಕ್ಕೆ ಎಳೆಯಬಹುದು. ರೋಲರ್ ಬೇಡವೇ ಬೇಡ. ಫಿಸಿಯೋ ಒಬ್ಬರು ಮೊದಲ ಕೆಲವು ಸಲ ಎದುರಿದ್ದು ಮಾಡಿಸಲಿ.

ಕಬ್ಬಿಣಬಾರು
ಇನ್ನೊಂದು ತುದಿಯವರು ಹದಿಹರೆಯದವರು. ಮುಂದೆ ಬಾಗಿಸಿ ಪಕ್ಕದಿಂದ ನೋಡಿ. ಬೆನ್ನು ಮೃದುವಾದ ಕಮಾನಾಗದೆ ಒಂದು ಕಡೆ ಚೂಪಾಗಿ ಎದ್ದು, ನೆಟ್ಟಗೆ ನಿಲ್ಲಲು ಯತ್ನಿಸಿದರೂ ಹಾಗೇ ಉಳಿದರೆ ಷಾಯರ್‌ಮನ್ ಕಾಯಿಲೆ ಇರಬಹುದು. ಅದರಲ್ಲಿ ಸತತ ಮೂರು ಕಶೇರುಕಗಳಾದರೂ ತಲಾ 5 ಡಿಗ್ರಿಗಿಂತ ಹೆಚ್ಚು ಬೆಣೆಯಾಕಾರವಾಗಿರುತ್ತವೆ, ‘ನೆಟ್ಟಗೆ ಕೂರು’ ಎಂದು ಬೈದರೆ ನೆಟ್ಟಗಾಗುವಂಥದ್ದಲ್ಲ. ಹಿಂದಿನಿಂದ ನೋಡಿದಾಗ ಒಂದು ಪಕ್ಕದ ಪಕ್ಕೆಲುಬು ಉಬ್ಬಿದ್ದರೆ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು) ಪರೀಕ್ಷೆ ಮಾಡಿಸಿ. ಬೆಳೆಯುವ ವಯಸ್ಸಿನಲ್ಲಿ ಅದನ್ನು ಮುಂದೂಡಬಾರದು.

ಮೂಳೆಮಾತು
ಯಾವ ವಯಸ್ಸಾದರೂ ಕೈಕಾಲಲ್ಲಿ ಬಲ ಕುಂದುವುದು, ತೊಡೆಸಂದಿಯ ಸುತ್ತ ಮರಗಟ್ಟುವುದು, ಮೂತ್ರ ಹಿಡಿತ ತಪ್ಪುವುದು, ಜ್ವರದ ಜೊತೆ ಬೆನ್ನುನೋವು, ಮಲಗಿದರೂ ಇಳಿಯದ ರಾತ್ರಿ ನೋವು ಇದ್ದರೆ ವ್ಯಾಯಾಮ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಮೂತ್ರ ಮತ್ತು ಮರಗಟ್ಟುವಿಕೆಯ ವಿಷಯದಲ್ಲಿ ಮಾರನೆಯ ದಿನಕ್ಕೂ ಕಾಯಬೇಡಿ.

ಕುರ್ಚಿವಾಸಿ
ಕೂರುವ ಜಾಗವನ್ನೂ ಒಂದಿಷ್ಟು ಹೇಳಿಬಿಡಿ.

ಅಡ್ಡಪ್ರಶ್ನೆ
ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರ. ಮೊಣಕೈ ಸುಮಾರು 90 ಡಿಗ್ರಿ, ಪಾದ ನೆಲಕ್ಕೆ. ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನ್ ಮತ್ತು ಕೀಬೋರ್ಡ್ ಅಂಟಿಕೊಂಡಿರುವುದರಿಂದ ಎರಡನ್ನೂ ಸರಿಮಾಡಲು ಆಗುವುದಿಲ್ಲ. ಅದನ್ನು ಎತ್ತರಿಸಿ ಬೇರೆ ಕೀಬೋರ್ಡ್ ಹಾಕಿ. ಇಷ್ಟಾದ ಮೇಲೆ ಒರಗಿ, ಬಾಗಿ, ಹೇಗೆ ಬೇಕಾದರೂ ಕೂರಿ, ಅರ್ಧ ಗಂಟೆಗೊಮ್ಮೆ ಬದಲಾಯಿಸಿ. ದಿನವಿಡೀ ಸೈನಿಕನಂತೆ ಸೆಟೆದು ಕೂರುವುದೂ ಒಂದೇ ಭಂಗಿಯೇ, ಬೆನ್ನು ಅದಕ್ಕೂ ದಣಿಯುತ್ತದೆ.

ತಾಳ್ಮೆಯವಳು
ಸುಧಾರಿಸಿದೆ ಎಂದು ಗೊತ್ತಾಗುವುದು ಹೇಗೆ? ಫೋಟೋದಲ್ಲಿ ಎಲ್ಲರೂ ಬೇಕಂತಲೇ ನೆಟ್ಟಗೆ ನಿಲ್ಲುತ್ತಾರೆ.

ಹಗುರಹೆಜ್ಜೆ
ನಿಜ. ಅದಕ್ಕೇ ಕಣ್ಣು ಮುಚ್ಚಿ, ಇದ್ದಲ್ಲೇ ಹತ್ತು ಹೆಜ್ಜೆ ಹಾಕಿ ನಿಲ್ಲಿ, ಆಗ ಇನ್ನೊಬ್ಬರು ಪಕ್ಕದಿಂದ ಫೋಟೋ ತೆಗೆಯಲಿ. ಕ್ಯಾಮೆರಾ ಸೊಂಟದ ಎತ್ತರಕ್ಕೆ, 3 ಮೀಟರ್ ದೂರದಲ್ಲಿ. ಕಿವಿಯ ಹಾಲೆ, ಭುಜದ ತುದಿ, ತೊಡೆಮೂಳೆಯ ಉಬ್ಬು, ಮಂಡಿಯ ನಡುವಿಗಿಂತ ತುಸು ಮುಂದೆ, ಹೊರಗಿಣ್ಣಿನ ಮುಂದೆ ಹೀಗೆ ಒಂದು ಲಂಬರೇಖೆ ಎಳೆದು ನೋಡಿ. ನಾಲ್ಕು ವಾರಕ್ಕೊಮ್ಮೆ ಸಾಕು. ಗೋಡೆಯ ಅಂತರವನ್ನೂ ಪ್ರತಿ ಸಲ ಅದೇ ಹೊತ್ತಿಗೆ ಅಳೆಯಿರಿ, ಬೆಳಗಿನ ಅಂಕಿಯನ್ನು ಸಂಜೆಯದಕ್ಕೆ ಹೋಲಿಸಬೇಡಿ.

ಕುರ್ಚಿವಾಸಿ
ಕೊನೆಯದಾಗಿ, ಐದೇ ನಿಮಿಷ ಸಿಗುವ ದಿನ ಯಾವುದನ್ನು ಉಳಿಸಿಕೊಳ್ಳಬೇಕು?

ಕಬ್ಬಿಣಬಾರು
ರೋ ಎರಡು ಸೆಟ್, ನಡುವೆ ಮೇಲ್ಬೆನ್ನಿಗೆ ರೋಲರ್. ಬ್ಯಾಂಡನ್ನು ಪ್ರತಿ ಸಲ ಎಳೆದು ಹಿಡಿದು ಬೆಳಕಿಗೆ ನೋಡಿ, ಕಟ್ಟುವ ಜಾಗದಲ್ಲಿ ಸಣ್ಣ ಬಿರುಕು ಕಂಡರೆ ಎಸೆಯಿರಿ. ಅದು ತುಂಡಾಗಿ ಹಾರುವುದು ನೇರ ಮುಖಕ್ಕೆ.